ಮೂರನೇ ಪುಟದ ಹಿರಿಯ

ಬಿಷ್ಕೆಕ್
ಸೆಪ್ಟೆಂಬರ್ 12

ನನ್ನ ಮುದ್ದಿನ ಉಲ್ಕಾನ್,

ಮದುವೆಯಾಗಿ ಇಂದಿಗೆ ಇಪ್ಪತ್ತಾರು ದಿನ! ನಗಬೇಡ, ನಿಜವಾಗಿಯೂ ಎಣಿಸುತ್ತಿದ್ದೇನೆ. ಎರ್ಮೆಕ್ ಬೆಳಿಗ್ಗೆ ಹೊರಡುವಾಗ ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬರುತ್ತಾನೆ, ಏನೋ ಮರೆತವನ ಹಾಗೆ. ಏನೂ ಮರೆತಿರುವುದಿಲ್ಲ. ಅತ್ತೆ ಅಡಿಗೆಮನೆಯಿಂದ ಕೆಮ್ಮುತ್ತಾರೆ. ನಾನು ಕೆಂಪಾಗುತ್ತೇನೆ. ಇಷ್ಟು ಸುಖ ಒಬ್ಬಳಿಗೇ ಸಿಗಬಹುದೇ ಎಂದು ಭಯವೂ ಆಗುತ್ತದೆ ಕಣೇ!

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಹಾಸ್ಟೆಲಿನಲ್ಲಿ ನಾವಿಬ್ಬರೂ ಆಣೆ ಮಾಡಿದ್ದೆವಲ್ಲ, ಮುಖ್ಯವಾದದ್ದನ್ನೆಲ್ಲ ಕಾಗದದಲ್ಲೇ ಬರೆಯಬೇಕೆಂದು? ನಿಮ್ಮೂರಿನ ವ್ಯಾನಿನ ಡ್ರೈವರ್ ಶುಕ್ರವಾರ ಹೊರಡುತ್ತಾನಂತೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ.

ಒಂದು ತಮಾಷೆ ಕೇಳು. ಈ ಮನೆಯಲ್ಲಿ ಹಳೆಯ ಪದ್ಧತಿ ಇನ್ನೂ ಉಳಿದಿದೆ: ಸೊಸೆ ಮಾವನ ಹೆಸರು ಹೇಳುವ ಹಾಗಿಲ್ಲ. ಹೆಸರಷ್ಟೇ ಅಲ್ಲ, ಆ ಹೆಸರಿನಲ್ಲಿ ಅಡಗಿರುವ ಮಾತೂ ಬಾಯಿಗೆ ಬರಬಾರದು! ಅವರ ಹೆಸರು ಯಾವುದರಿಂದ ಶುರುವಾಗುತ್ತದೆಂದು ನಿನಗೆ ಗೊತ್ತಲ್ಲ. ಹಾಗಾಗಿ ಬೆಟ್ಟದಿಂದ ಉರುಳುವ, ಗೋಡೆ ಕಟ್ಟುವ ಆ ವಸ್ತುವನ್ನು ನಾನು 'ಗಟ್ಟಿಯದು' ಎನ್ನುತ್ತೇನೆ. ಕಳೆದ ಗುರುವಾರ ನಾನು ಕೆಲಸ ಮಾಡುವಲ್ಲಿ ಸಾರ್ವಜನಿಕ ಉಪನ್ಯಾಸಕ್ಕೆ ತಾಷ್ಕೆಂಟಿನಿಂದ ಪ್ರೊಫೆಸರ್ ಬಂದಿದ್ದರು. ಸ್ವಾಗತ ನನ್ನ ಪಾಲಿಗೆ ಬಂತು. ಊರಿನ ಹೆಸರಿನ ಮೊದಲಿಗೂ ಅದೇ ಮಾತು! 'ಉಜ್ಬೇಕರ ರಾಜಧಾನಿಯಿಂದ ಬಂದವರು' ಎಂದೆ! ಬರೆಯುವುದಕ್ಕೆ ಅಡ್ಡಿಯಿಲ್ಲವೆಂದು ಎರ್ಮೆಕ್ ಹೇಳಿದ್ದರಿಂದ ಊರಿನ ಹೆಸರು ಇಲ್ಲಿ ಬರೆದೆ. ಮಾವನ ಹೆಸರನ್ನಂತೂ ಬರೆಯುವುದಿಲ್ಲ, ನನಗೇ ನಾಚಿಕೆ.

ಈಗ ನಿಜವಾದ ಸುದ್ದಿ. ಅಕ್ಟೋಬರ್ 17ಕ್ಕೆ ನಮ್ಮ ನೀತಿ ಅಧ್ಯಯನ ಶಾಲೆಯಲ್ಲಿ ನೀರಿನ ಬಗ್ಗೆ ಸೆಮಿನಾರ್ ಇದೆ. ಊರಿನವರೇ ಬಂದು ಮಾತನಾಡಬೇಕು. ನಡಾವಳಿ ನೇರವಾಗಿ ಸಂಸತ್ತಿನ ಸಮಿತಿಗೆ ಹೋಗುತ್ತದೆ, ಅದರಲ್ಲಿ ಹೆಸರು ಬಂದ ಅಧಿಕಾರಿಯನ್ನು ಸಮಿತಿ ಕರೆದು ಕೇಳಲೇಬೇಕು. ನಿಮ್ಮ ತೋರು-ಬುಲಾಕಿನ ಕಾಲುವೆಯ ಕಥೆಗೆ ಹತ್ತು ನಿಮಿಷ ಕೇಳಿ ಇಟ್ಟಿದ್ದೇನೆ. ನೀನು ಕಿರ್ಗಿಜ್‌ನಲ್ಲಿ ಮಾತನಾಡು, ಸಭಾಂಗಣದ ಹಿಂದಿನ ಗಾಜಿನ ಗೂಡಿನಲ್ಲಿ ಕೂತು ಇಂಗ್ಲಿಷಿಗೆ ತಿರುಗಿಸುವವಳು ನಾನೇ. ಬಾರೇ, ಬಾ!

ನಿನ್ನ ಹುಚ್ಚು ಮದುಮಗಳು,
ಜಿಬೆಕ್


ತೋರು-ಬುಲಾಕ್
ಸೆಪ್ಟೆಂಬರ್ 25

ಜಿಬೆಕ್,

ನಿನ್ನ ಸಂತೋಷ ಓದಿ ನಕ್ಕೆ. ಈ ತಿಂಗಳಲ್ಲಿ ನಕ್ಕದ್ದು ಅದೊಂದೇ ಸಲ.

ಇಲ್ಲಿ ಕಾಲುವೆ ಒಣಗಿ ನಾಲ್ಕು ತಿಂಗಳಾಯಿತು. ಮೇಲಿನ ಕಣಿವೆಯಲ್ಲಿ ಮೀನಿನ ಕೊಳಗಳಿಗೆ ನೀರು ಬೇಕೆಂದು ನಮ್ಮ ಕಾಲುವೆಯ ಬಾಯಿಗೆ ಟ್ರಾಕ್ಟರಿನಿಂದ ಒಂದು ಕಲ್ಲು ತಂದಿಟ್ಟಿದ್ದಾರೆ. ಹೌದು, ಕಲ್ಲು, ನಮ್ಮ ಭಾಷೆಯ 'ತಾಷ್'. ನಾನು ಯಾರ ಸೊಸೆಯೂ ಅಲ್ಲ, ಹೇಳಬಲ್ಲೆ. ಆಲೂಗಡ್ಡೆ ಗೋಲಿಯಷ್ಟಾಗಿದೆ. ನನ್ನ ಮೂರನೇ ತರಗತಿಯ ಮಕ್ಕಳು ಪುಸ್ತಕದ ಚೀಲದ ಜೊತೆ ನೀರಿನ ಬಾಟಲಿ ಹೊತ್ತು ಬರುತ್ತವೆ. ಬಾಯಾರಿಕೆಗಲ್ಲ, ಶಾಲೆಯ ಪಾಯಿಖಾನೆಗೆ.

ನೀರು ತಿರುಗಿಸಲು ಹೊರಡಿಸಿದ ಆದೇಶವನ್ನು ನಾನು ಕಣ್ಣಾರೆ ನೋಡಿದೆ. ನೀರಿನ ಕಚೇರಿಯ ಗುಮಾಸ್ತೆ ಒಂದು ನಿಮಿಷ ತೋರಿಸಿದಳು, ಫೋಟೋ ತೆಗೆಯಲು ಬಿಡಲಿಲ್ಲ. ಮರುವಾರ ಹೋದರೆ ಅಂಥ ಕಡತವೇ ಇಲ್ಲವಂತೆ. ಈಗ ಉಳಿದಿರುವುದು ನಾನು ನೋಡಿದ್ದು ಮತ್ತು ನಾನು ಹೇಳುವುದು, ಅಷ್ಟೇ.

ಕೆಳಗಿದ್ದ ಸಹಿ ನೀರಿನ ಇಲಾಖೆಯ ಅಧಿಕಾರಿಯದು, ನಿನ್ನ ಮಾವನದು. ತಾಷ್ತಾನ್‌ಬೆಕ್ ಬೋರುಬಾಯೆವ್. ಮದುವೆಯ ದಿನವೇ ಗೊತ್ತಿತ್ತು, ನಿನ್ನ ಮುಖ ನೋಡಿ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ನಾನು ಬರುವುದಾದರೆ ಆ ಹೆಸರು ಹೇಳುವುದಕ್ಕೇ ಬರುತ್ತೇನೆ. ನಿನಗೆ ಕಷ್ಟವಾದರೆ ಈಗಲೇ ಬರೆ, ಬೇರೆ ದಾರಿ ಹುಡುಕುತ್ತೇನೆ. ಕೋಪ ಮಾಡಿಕೊಳ್ಳುವುದಿಲ್ಲ.

ಉಲ್ಕಾನ್


ಬಿಷ್ಕೆಕ್
ಅಕ್ಟೋಬರ್ 3

ಉಲ್ಕಾನ್,

ನಿನ್ನ ಪತ್ರವನ್ನು ಎರಡು ದಿನ ಮತ್ತೆ ಮತ್ತೆ ಓದಿದೆ. ಆಮೇಲೆ ಯೋಚಿಸಿದೆ: ನಾವೇನು ಕಳ್ಳರ ಮನೆಯವರೇ? ಏನೋ ತಪ್ಪು ತಿಳಿವಳಿಕೆ ಆಗಿರಬೇಕು. ಮಾತನಾಡಿದರೆ ತಿಳಿಯಾಗುತ್ತದೆ, ಸೆಮಿನಾರ್ ಇರುವುದೇ ಅದಕ್ಕಲ್ಲವೇ? ಬಾ. ನಿನ್ನ ಅಪ್ಪನನ್ನೂ ಕರೆದುಕೊಂಡು ಬಾ. ನೀನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳುತ್ತೇನೆ. ಆಣೆ!

ನಿನ್ನ
ಜಿಬೆಕ್


ಬಿಷ್ಕೆಕ್
ಅಕ್ಟೋಬರ್ 20

ಉಲ್ಕಾನ್, ನನ್ನ ಹುಲಿಯೇ!

ಎಂಥ ಮಾತು! ಇಡೀ ಹಾಲ್ ಉಸಿರು ಬಿಗಿಹಿಡಿದು ಕೇಳಿತು. ಹೊರದೇಶದಿಂದ ಬಂದ ಮೂವರು ತಜ್ಞರು ಹೆಡ್‌ಫೋನ್ ಕಿವಿಗೆ ಒತ್ತಿಕೊಂಡು ಬರೆದದ್ದೇ ಬರೆದದ್ದು. ನಿನ್ನ ಅಪ್ಪ ಮುಂದಿನ ಸಾಲಿನಲ್ಲಿ ಬಿಳಿ ಟೊಪ್ಪಿಗೆ ತೊಟ್ಟು ಕೂತಿದ್ದದ್ದು ಎಷ್ಟು ಚೆಂದ! ಕಿವಿ ಮಂದವಾದರೂ ಒಂದು ಮಾತನ್ನೂ ಬಿಡದವರ ಹಾಗೆ ತಲೆಯಾಡಿಸುತ್ತಿದ್ದರು. ಊಟಕ್ಕೆ ನಿಲ್ಲದೆ ಯಾಕೆ ಓಡಿದಿರಿ? ಎರ್ಮೆಕ್ ನಿಮಗೋಸ್ಕರ ಪಲಾವ್ ತರಿಸಿದ್ದ.

ಒಂದು ಸಣ್ಣ ವಿಷಯ. ನೀನು ಆ ಹೆಸರು ಹೇಳಿದಾಗ ಗಾಜಿನ ಗೂಡಿನಲ್ಲಿ ನನ್ನ ನಾಲಿಗೆ ಸುಮ್ಮನೆ ನಿಂತುಬಿಟ್ಟಿತು. ಬೇಕೆಂದು ಅಲ್ಲ ಕಣೇ. ಮನೆಯಲ್ಲಿ ಎರಡು ತಿಂಗಳು ಅಭ್ಯಾಸವಾದದ್ದು. ಮನೆಯಲ್ಲಿ ಅವರನ್ನು ಹೇಗೆ ಹೇಳುತ್ತೇನೋ ಹಾಗೆಯೇ ಬಾಯಿಗೆ ಬಂತು: 'ಬಿಳಿಗಡ್ಡದ ಹಿರಿಯರು'. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಹಾಲ್‌ನಲ್ಲಿದ್ದವರಿಗೆಲ್ಲ ನಿನ್ನ ಬಾಯಿಂದಲೇ ಹೆಸರು ಕೇಳಿಸಿತಲ್ಲ, ಅದೇನೂ ದೊಡ್ಡ ವಿಷಯವಾಗಲಾರದು.

ನಿನ್ನ ಬಗ್ಗೆ ಹೆಮ್ಮೆಯಿಂದ ಉಬ್ಬಿಹೋದ
ಜಿಬೆಕ್


ತೋರು-ಬುಲಾಕ್
ಡಿಸೆಂಬರ್ 2

ಜಿಬೆಕ್,

ಸಮಿತಿಯ ಉತ್ತರ ಬಂತು. ನಿಮ್ಮ ನಡಾವಳಿಯ ಮೂರನೇ ಪುಟವನ್ನು ಲಗತ್ತಿಸಿದ್ದಾರೆ. ಆ ತಜ್ಞರು ಇಂಗ್ಲಿಷಿನ ಧ್ವನಿಮುದ್ರಣ ಕೇಳಿ ಬರೆದದ್ದಂತೆ, ಅವರಿಗೆ ಕಿರ್ಗಿಜ್ ಬರುವುದಿಲ್ಲವಲ್ಲ. ಅದರ ಕಿರ್ಗಿಜ್ ಅನುವಾದವನ್ನು ಪಂಚಾಯಿತಿಯ ಗೋಡೆಗೆ ಅಂಟಿಸಿದ್ದಾರೆ. ನಿನಗೋಸ್ಕರ ನಕಲು ಮಾಡಿದ್ದೇನೆ, ಓದು:

'ತೋರು-ಬುಲಾಕ್ ಕಾಲುವೆಯ ನೀರನ್ನು ಊರಿನ ಒಬ್ಬ ಹಿರಿಯರ ಸಹಿ ಮತ್ತು ಒಪ್ಪಿಗೆಯ ಮೇಲೆ ಮೀನು ಕೊಳಗಳಿಗೆ ತಿರುಗಿಸಲಾಯಿತು ಎಂದು ಗ್ರಾಮಸ್ಥರೇ ತಿಳಿಸಿದರು. ಇದು ಊರಿನ ಒಳಗಿನ ವಿವಾದ. ಇಲಾಖೆಯ ಪಾತ್ರ ಕಂಡುಬಂದಿಲ್ಲ.'

ಊರಿನ ಹಿರಿಯ! ಈ ಊರಿನಲ್ಲಿ ಹಿರಿಯರ ಕಟ್ಟೆಯ ಮುಖ್ಯಸ್ಥ ಯಾರು? ಹದಿನೇಳು ವರ್ಷಗಳಿಂದ ನೀರಿನ ಜಗಳ, ಬೇಲಿ ಜಗಳ, ಕುದುರೆ ಜಗಳವನ್ನೆಲ್ಲ ಬಿಡಿಸಿದವರು ಯಾರು? ನನ್ನ ಅಪ್ಪ. ಸಾಪಾರ್ ಎಂಬ ಹೆಸರನ್ನು ಬರೆಯುವ ಅಗತ್ಯವೂ ಅವರಿಗೆ ಬೀಳಲಿಲ್ಲ. ಓದಿದವರೆಲ್ಲ ತಾವೇ ತುಂಬಿಕೊಂಡರು.

ಶನಿವಾರ ಪಕ್ಕದ ಮನೆಯಲ್ಲಿ ಮಗುವಿನ ತೊಟ್ಟಿಲ ಶಾಸ್ತ್ರ ಇತ್ತು. ಅಪ್ಪ ಬಾಗಿಲ ಎದುರಿನ ಮೇಲಿನ ಜಾಗದಲ್ಲಿ ಎಂದಿನ ಹಾಗೆ ಹೋಗಿ ಕೂತರು. ಎಲ್ಲರಿಗಿಂತ ಹಿರಿಯರಿಗೆ ಇಡುವ ಕುರಿಯ ತಲೆ ಬಂತು. ಮನೆಯ ಯಜಮಾನ ಅದನ್ನು ಅಪ್ಪನ ಎದುರಿಗೆ ಇಡದೆ, ಅಪ್ಪನಿಗಿಂತ ಒಂಬತ್ತು ವರ್ಷ ಚಿಕ್ಕವನ ಎದುರಿಗೆ ಇಟ್ಟ. ಅಪ್ಪನಿಗೆ ಮೊದಲು ಅರ್ಥವಾಗಲಿಲ್ಲ.

"ತಟ್ಟೆ ತಪ್ಪಿ ಆ ಕಡೆ ಹೋಯ್ತು ಕಣಪ್ಪಾ" ಎಂದು ನಕ್ಕರು.

"ತಪ್ಪಿಲ್ಲ, ಸಾಪಾರಣ್ಣ" ಎಂದ ಯಜಮಾನ. "ನಿಂಗೆ ಈಗ ಮೀನು ಬರುತ್ತಲ್ಲ, ಕುರಿ ಯಾಕೆ?"

ಯಾರೋ ನಕ್ಕರು. ಅಪ್ಪನಿಗೆ ಅದು ಕೇಳಿಸಲಿಲ್ಲ. ನನ್ನನ್ನು ನೋಡಿ "ಏನಂದ? ಏನಂದ?" ಎಂದರು. ಅಷ್ಟು ಜನರ ನಡುವೆ ಅಪ್ಪನ ಕಿವಿಗೆ ಬಾಯಿಟ್ಟು ಆ ಮಾತನ್ನು ನಾನು ಮತ್ತೊಮ್ಮೆ ಹೇಳಬೇಕಾಯಿತು, ಜಿಬೆಕ್. ಒಂದಕ್ಷರ ಬಿಡದೆ. ನೋಡು, ಭಾಷಾಂತರ ನನಗೂ ಬರುತ್ತದೆ.

ಕಡೆಯಲ್ಲಿ ಎಲ್ಲರೂ ಅಂಗೈ ತೆರೆದು ಹಾರೈಕೆಗೆ ಕಾದರು. ಹಾರೈಸಲು ಯಾರೂ ಅಪ್ಪನನ್ನು ಕೇಳಲಿಲ್ಲ. ಅಪ್ಪ ತೆರೆದ ಅಂಗೈಗಳನ್ನು ಮಡಿಲಿಗೆ ಇಳಿಸಿಕೊಂಡರು. ಹಿಂದಿನಿಂದ ಹೆಂಗಸರು ನನಗೆ ಕೇಳಿಸುವಂತೆಯೇ ಹೇಳಿದರು: "ಅಪ್ಪನ ಕೊಳೆ ತೊಳೆಯೋಕೆ ಮಗಳು ಬಿಷ್ಕೆಕ್‌ವರೆಗೆ ಹೋಗಿ ಬಂದ್ಲಂತೆ."

ಬೇಡವಾದರೆ ಈಗಲೇ ಬರೆ ಎಂದಿದ್ದೆ. ಕೋಪ ಮಾಡಿಕೊಳ್ಳುವುದಿಲ್ಲ ಎಂದಿದ್ದೆ. ನೀನು ಆಣೆ ಹಾಕಿದೆ. ಅಧಿಕಾರಿಯನ್ನು ಅಡಗಿಸಲು ನನ್ನ ಅಪ್ಪನ ಗಡ್ಡವೇ ಬೇಕಾಗಿತ್ತೇ ನಿನಗೆ?

ಉಲ್ಕಾನ್


ಬಿಷ್ಕೆಕ್
ಡಿಸೆಂಬರ್ 15

ಉಲ್ಕಾನ್,

ನಿನ್ನ ಪತ್ರವನ್ನು ಸ್ನಾನದಮನೆಯಲ್ಲಿ ನಿಂತು ಓದಿದೆ. ಮೊದಲು ನಿನ್ನ ಮೇಲೆಯೇ ಸಿಟ್ಟು ಬಂತು. ಅದು ಎರಡು ಪದಗಳ ಮಾತು! ಹತ್ತು ನಿಮಿಷದ ಮಾತನ್ನು ಬೆವರು ಸುರಿಸಿ ತಿರುಗಿಸಿದವಳಿಗೆ ಎರಡು ಪದಗಳ ಲೆಕ್ಕ ಕೇಳುತ್ತೀಯಾ? ಮದುವೆಯಾಗಿ ನಾಲ್ಕು ತಿಂಗಳು ಕೂಡ ಆಗದ ಹುಡುಗಿ ಮಾವನ ಹೆಸರನ್ನು ಮೈಕಿನಲ್ಲಿ ಕೂಗಬೇಕಿತ್ತೇ? ಹೀಗೆಲ್ಲ ಬರೆದು ಹರಿದು ಹಾಕಿದೆ. ಇದು ಎರಡನೇ ಪತ್ರ.

ನಮ್ಮ ನಿರ್ದೇಶಕಿಯ ಬಳಿ ಹೋದೆ. ಮೂರನೇ ಪುಟ ತಿದ್ದಬೇಕು, ತಪ್ಪು ನನ್ನದು ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಕಚೇರೀಲಿ ಕೂತು ತಿದ್ದೋಕಾಗಲ್ಲಮ್ಮ. ನಾಳೆ ಯಾರು ಬೇಕಾದ್ರೂ ಬಂದು ನನ್ನ ಮಾತೂ ತಿದ್ದಿ ಅಂತಾರೆ. ಸಭೇಲಿ ಆದ ತಪ್ಪನ್ನ ಸಭೇಲೇ, ಮೈಕ್ ಮುಂದೆ, ಆ ತಪ್ಪು ಮಾಡಿದವರೇ ಓದಿ ಹೇಳ್ಬೇಕು. ಆಗ ನಡಾವಳಿಗೆ ಸೇರುತ್ತೆ, ಸಮಿತಿಗೂ ಹೋಗುತ್ತೆ."

"ಯಾವ ಸಭೇಲಿ?"

"ಯಾವುದಾದ್ರೂ ಸಾರ್ವಜನಿಕ ಉಪನ್ಯಾಸದಲ್ಲಿ. ಪ್ರತಿ ಗುರುವಾರ ಇದ್ದೇ ಇರುತ್ತಲ್ಲ. ಯೋಚನೆ ಮಾಡು. ನಿಂಗೆ ಮನೆ ಅಂತ ಒಂದಿದೆ."

ಹೌದು, ಮನೆ ಅಂತ ಒಂದಿದೆ. ಅತ್ತೆಗೆ ಹೇಳಿದೆ. ಅವರು ಬೋರ್ಸೋಕ್ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದರು, ತಿರುಗಿಯೂ ನೋಡಲಿಲ್ಲ. "ಮೂವತ್ತೆಂಟು ವರ್ಷ ಆ ಹೆಸರು ನುಂಗಿದೀನಿ. ನಂಗೇನಾಯ್ತು? ಹೊಟ್ಟೆನೋವು ಬಂತಾ?"

ನಿನಗೆ ಹೇಳದೆ ಬಚ್ಚಿಟ್ಟ ಒಂದು ಮಾತಿದೆ. ಸೆಮಿನಾರಿನ ಮರುದಿನ ಬೆಳಿಗ್ಗೆ ಚಹಾ ಬಗ್ಗಿಸುವಾಗ ಮಾವ ಎಲ್ಲರೆದುರು ಹೇಳಿದರು: "ನಮ್ಮ ಸೊಸೆ ಇಂಗ್ಲಿಷ್ ಓದಿದ್ರೂ ಮರ್ಯಾದೆ ಮರ್ತಿಲ್ಲ. ಎಲ್ಲಿ ಏನು ಹೇಳ್ಬಾರ್ದು ಅಂತ ಗೊತ್ತು." ಅಂಗೈ ತೆರೆದು ಹರಸಿದರು. ನಾನು ಉಬ್ಬಿಹೋದೆ, ಉಲ್ಕಾನ್! ಇಡೀ ದಿನ ಹಾಡಿಕೊಂಡು ಓಡಾಡಿದೆ. ಅವರು ಅಂದು ಹಾಲ್‌ಗೆ ಬಂದೇ ಇರಲಿಲ್ಲ. ನನ್ನ ಬಾಯಿಂದ ಏನು ಬಂತೆಂದು ಅವರಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಿಕೊಂಡದ್ದು ನಿನ್ನ ಪತ್ರ ಓದಿದ ಮೇಲೆ. ಯಾರನ್ನೋ ಕೂರಿಸಿ ಇಂಗ್ಲಿಷನ್ನು ಕೇಳಿಸಿಕೊಂಡಿದ್ದಾರೆ. ಮೊದಲ ದಿನವೇ ಅವರಿಗೆ ಎಲ್ಲ ಗೊತ್ತಿತ್ತು.

ನನಗೆ ಸ್ವಲ್ಪ ಸಮಯ ಕೊಡು. ಹೊಸ ವರ್ಷ ಕಳೆಯಲಿ. ಎರ್ಮೆಕ್ ಜೊತೆ ಮಾತನಾಡುತ್ತೇನೆ.

ಜಿಬೆಕ್


ತೋರು-ಬುಲಾಕ್
ಜನವರಿ 19

ಹೊಸ ವರ್ಷ ಕಳೆಯಿತು.

ನಿನ್ನ ಮದುವೆಯಲ್ಲಿ ನಿನ್ನ ಅತ್ತೆ ನನ್ನ ಹೆಗಲಿಗೆ ಹೊದಿಸಿದ ಶಾಲು ಇದರ ಜೊತೆಗಿದೆ. ಅಪ್ಪ ಹಿರಿಯರ ಕಟ್ಟೆಯಿಂದ ಇಳಿದರು. ಅವರಾಗಿಯೇ ಇಳಿದರೆಂದು ಊರಿನವರು ಹೇಳುತ್ತಾರೆ. ಈಗ ಮನೆಯಿಂದ ಹೊರಗೆ ಹೋಗುವುದಿಲ್ಲ, ಬಿಳಿ ಟೊಪ್ಪಿಗೆ ಮೊಳೆಯ ಮೇಲಿದೆ.

ನಿನ್ನ ಮಾವನಿಗೆ ಒಂದು ಹೆಸರಿದೆ, ಅದನ್ನು ಜೋಪಾನ ಮಾಡು. ನನ್ನ ಅಪ್ಪನಿಗೂ ಒಂದಿತ್ತು.

ಉ.


ಬಿಷ್ಕೆಕ್
ಮಾರ್ಚ್ 7

ಉಲ್ಕಾನ್,

ಇದನ್ನು ಗಾಲ್ಯಾಳ ಮನೆಯಿಂದ ಬರೆಯುತ್ತಿದ್ದೇನೆ. ಗಾಜಿನ ಗೂಡಿನಲ್ಲಿ ನನ್ನ ಜೊತೆ ಕೂರುವ ರಷ್ಯನ್ ಭಾಷಾಂತರಕಾರ್ತಿ, ನೀನು ನೋಡಿದ್ದೀಯ. ಯಾಕೆ ಇಲ್ಲಿದ್ದೇನೆಂದು ಹೇಳುತ್ತೇನೆ. ನಾನು ಇಂದು ಅಳುತ್ತಿಲ್ಲ. ಸಿಟ್ಟಿನಿಂದ ಬರೆಯುತ್ತಿದ್ದೇನೆ.

ನಿನ್ನ ಶಾಲು ಬಂದ ದಿನ ಎರ್ಮೆಕ್‌ಗೆ ಎಲ್ಲ ಹೇಳಿದೆ. ಅವನು ಶಾಲಿನ ಕುಚ್ಚು ತಿರುಚಿದ. "ಬೇಸಿಗೇಲಿ ನೋಡೋಣ" ಎಂದ. ಬೇಸಿಗೆಯಲ್ಲಿ ನಿಮ್ಮ ಕಾಲುವೆಗೆ ನೀರು ಬೇಕು, ಅದೇ ಬೇಸಿಗೆಯಲ್ಲಿ ನೋಡೋಣವಂತೆ! ಆದರೂ ಸುಮ್ಮನಿದ್ದೆ. ಒಂದು ಗುರುವಾರ, ಎರಡು ಗುರುವಾರ, ಐದು ಗುರುವಾರ. ಜರ್ಮನಿಯವರ ಪಿಂಚಣಿ, ನಗರದ ಬಸ್ಸು, ಹೊಗೆ, ಎಲ್ಲವನ್ನೂ ಒಂದಕ್ಷರ ಬಿಡದೆ ತಿರುಗಿಸಿದೆ. ಪ್ರತಿ ಸಲ ಅಧ್ಯಕ್ಷರು "ಪ್ರಶ್ನೆಗಳಿದ್ರೆ ಒಬ್ಬರಿಗೆ ಎರಡು ನಿಮಿಷ" ಎನ್ನುತ್ತಿದ್ದರು. ಪ್ರತಿ ಸಲ ನಾನು ಗೂಡಿನಲ್ಲಿ ನೀರು ಕುಡಿಯುತ್ತಿದ್ದೆ.

ಆಮೇಲೆ ಮಾರ್ಚ್ ತಿಂಗಳ ಕರಪತ್ರ ಅಚ್ಚಾಗಿ ಬಂತು. ಐದನೇ ತಾರೀಕಿನ ಸಾರ್ವಜನಿಕ ಉಪನ್ಯಾಸ: 'ನೀರಿನ ಆಡಳಿತದಲ್ಲಿ ಊರಿನ ಹಿರಿಯರು'. ಉಪನ್ಯಾಸಕರು ನನ್ನ ಮಾವ.

ನಿನ್ನೆ ಮೊನ್ನೆಯವರೆಗೂ ಅವರು ನಾಚಿಕೊಂಡು ಸುಮ್ಮನಿದ್ದಾರೆ ಎಂದುಕೊಂಡಿದ್ದೆ. ನಾಚಿಕೆಯೇ! ಅವರು ಬೂದು ಕೋಟು ತೊಟ್ಟು ವೇದಿಕೆ ಹತ್ತಿ, ನಾನು ಹಾಳು ಮಾಡಿದ ಆ ಮೂರನೇ ಪುಟವನ್ನೇ ಪರದೆಯ ಮೇಲೆ ದೊಡ್ಡದಾಗಿ ತೋರಿಸಿದರು. "ನೋಡಿ, ತೋರು-ಬುಲಾಕ್‌ನಲ್ಲಿ ಏನಾಯ್ತು? ಇಲಾಖೆ ಕೈ ಹಾಕ್ಲಿಲ್ಲ. ಅಲ್ಲಿನ ಬಿಳಿಗಡ್ಡದ ಹಿರಿಯರೇ ಕೂತು ತೀರ್ಮಾನ ಮಾಡಿದ್ರು. ಇದು ನಮ್ಮ ಜನರ ವಿವೇಕ" ಎಂದರು. ಇನ್ನೂರು ಜನ ಚಪ್ಪಾಳೆ ತಟ್ಟಿದರು. ಅದನ್ನೂ ನಾನು ಇಂಗ್ಲಿಷಿಗೆ ತಿರುಗಿಸಿದೆ, ಉಲ್ಕಾನ್. ನನ್ನದೇ ಸುಳ್ಳು ಅವರ ಬಾಯಿ ಹೊಕ್ಕು, ಮತ್ತೆ ನನ್ನ ಬಾಯಿಗೇ ಬಂತು.

ಅಧ್ಯಕ್ಷರು ಪ್ರಶ್ನೆಗಳಿವೆಯೇ ಎಂದು ಕೇಳಿದರು. ನಾನು ಹೆಡ್‌ಫೋನ್ ಕಿತ್ತಿಟ್ಟೆ.

"ಎಲ್ಲಿಗೇ? ನಿನ್ನ ಪಾಳಿ ಇನ್ನೂ ಮುಗಿದಿಲ್ಲ!" ಎಂದಳು ಗಾಲ್ಯಾ.

"ಮುಗಿಸೋಕೇ ಹೋಗ್ತಿದೀನಿ."

ಗಾಜಿನ ಗೂಡಿನಿಂದ ಮೈಕಿನವರೆಗೆ ಹತ್ತೊಂಬತ್ತು ಹೆಜ್ಜೆ. ಮಾವ ನನ್ನನ್ನು ಕಂಡು ಮುಗುಳ್ನಕ್ಕರು, ನೀರಿನ ಲೋಟ ತಂದುಕೊಡಲು ಬಂದೆ ಎಂದುಕೊಂಡಿರಬೇಕು. "ಅಕ್ಟೋಬರ್ ಹದಿನೇಳರ ನಡಾವಳಿಗೆ ತಿದ್ದುಪಡಿ ಓದ್ತೀನಿ. ತಪ್ಪು ಮಾಡಿದ ಭಾಷಾಂತರಕಾರ್ತಿ ನಾನೇ" ಎಂದೆ. ನಗು ಅವರ ಮುಖದಲ್ಲೇ ಇತ್ತು, ಕಣ್ಣಿನಲ್ಲಿ ಇರಲಿಲ್ಲ.

"ಮಗಳೇ, ಮನೇಲಿ ಮಾತಾಡೋಣ" ಎಂದರು ಮೆಲ್ಲಗೆ.

"ಮಾವಾ, ತಪ್ಪು ಆಗಿದ್ದು ಇಲ್ಲಿ."

ನಿನಗೆ ನಿಜ ಹೇಳಬೇಕು. ಹೆಸರು ಬರಲಿಲ್ಲ. 'ತಾ' ಎಂದೆ, ನಿಂತೆ. ಮತ್ತೆ 'ತಾ' ಎಂದೆ. ಮುಂದಿನ ಸಾಲಿನಲ್ಲಿ ಒಬ್ಬಳು ಮುದುಕಿ ರುಮಾಲಿನ ಅಂಚನ್ನು ಬಾಯಿಗೆ ತುರುಕಿಕೊಂಡು "ಅಯ್ಯಯ್ಯೋ, ಸೊಸೆ ಕಣ್ರೇ ಇವಳು! ಹೇಳ್ತಾಳೆ, ಈಗ ಹೇಳ್ಬಿಡ್ತಾಳೆ!" ಎಂದಳು. ಹಾಲ್ ಪೂರ್ತಿ ನಕ್ಕಿತು. ಆ ನಗುವಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ನಿನ್ನ ಅಪ್ಪ ತೆರೆದ ಅಂಗೈಗಳನ್ನು ಮಡಿಲಿಗೆ ಇಳಿಸಿಕೊಂಡರೆಂದು ಬರೆದಿದ್ದೆಯಲ್ಲ, ಆ ಮನೆಯಲ್ಲೂ ಯಾರೋ ಹೀಗೆಯೇ ನಕ್ಕಿದ್ದರು.

ಆಗ ಬಂತು. ತಾಷ್ತಾನ್‌ಬೆಕ್ ಬೋರುಬಾಯೆವ್. ಕಿರ್ಗಿಜ್‌ನಲ್ಲಿ ಹೇಳಿದೆ, ರಷ್ಯನ್‌ನಲ್ಲಿ ಹೇಳಿದೆ, ಇಂಗ್ಲಿಷಿನಲ್ಲಿ ಹೇಳಿದೆ. ಆದೇಶಕ್ಕೆ ಸಹಿ ಹಾಕಿದ ಅಧಿಕಾರಿಯೆಂದು ಗ್ರಾಮದ ಪ್ರತಿನಿಧಿ ಉಲ್ಕಾನ್ ಸಾಪಾರೊವಾ ಹೆಸರಿಸಿದ್ದು ಇವರನ್ನು. ಊರಿನ ಯಾವ ಹಿರಿಯರೂ ಸಹಿ ಹಾಕಿದರೆಂದು ಆಕೆ ಹೇಳಲಿಲ್ಲ. 'ಹಿರಿಯರು' ಎಂಬ ಪದ ನನ್ನದು, ನಾನು ಆ ಮನೆಯ ಸೊಸೆಯಾದ್ದರಿಂದ ಬಂದದ್ದು. ಆಮೇಲೆ ಯಾರೂ ಕೇಳದಿದ್ದರೂ, ಕಾಲುವೆಯ ಬಾಯಿಗೆ ಏನಿಟ್ಟಿದ್ದಾರೆಂದೂ ಹೇಳಿದೆ. ಕಲ್ಲು. ಕಲ್ಲು, ಕಲ್ಲು, ಕಲ್ಲು. ಏಳು ತಿಂಗಳು ಅದನ್ನು 'ಗಟ್ಟಿಯದು' ಎಂದೆನಲ್ಲ, ನಾನೆಂಥ ದಡ್ಡಿ.

ಅಧ್ಯಕ್ಷರು ಗಡಿಯಾರ ನೋಡಿದರು. ನಾನು ತೆಗೆದುಕೊಂಡದ್ದು ಒಂದು ನಿಮಿಷ ನಲವತ್ತು ಸೆಕೆಂಡು.

ಕಾರಿಡಾರಿನಲ್ಲಿ ಎರ್ಮೆಕ್ ನಿಂತಿದ್ದ, ಅಪ್ಪನ ಮಾತು ಕೇಳಲು ಬಂದಿದ್ದವನು.

"ಮೂರು ಭಾಷೇಲಿ ಹೇಳ್ಬೇಕಿತ್ತಾ?"

"ನುಂಗಿದ್ದು ಮೂರರಲ್ಲೂ."

"ಅಮ್ಮಂಗೆ ಆಗ್ಲೇ ಸುದ್ದಿ ಹೋಗಿದೆ. ಮನೆಗೆ ಬರೋದು ಬೇಡ ಅಂತಿದಾರೆ."

"ಅಮ್ಮ ಸರಿ. ನೀನೇನಂತೀಯ?"

ಅವನು ನನ್ನ ಕೋಟು ಹಿಡಿದುಕೊಂಡಿದ್ದ. ತೊಡಿಸಲೂ ಇಲ್ಲ, ಕೊಡಲೂ ಇಲ್ಲ. "ನಂಗೆ ಗೊತ್ತಿಲ್ಲ, ಜಿಬೆಕ್" ಎಂದ. ನಾನೇ ಕಿತ್ತುಕೊಂಡು ತೊಟ್ಟು ಬಂದೆ. ಅವನು ಬಾಗಿಲವರೆಗೆ ಹೋಗಿ ತಿರುಗಿ ಬರುತ್ತಿದ್ದದ್ದನ್ನು ನಿನಗೆ ಎಷ್ಟು ಖುಷಿಯಿಂದ ಬರೆದಿದ್ದೆ! ಈಗ ಎರಡು ದಿನವಾಯಿತು. ಬಂದರೆ ಬರಲಿ. ಇಲ್ಲಿನ ಬಾಗಿಲು ಅವನಿಗೆ ಗೊತ್ತು.

ನಿನ್ನಿಂದ ಕ್ಷಮೆ ಕೇಳುತ್ತಿಲ್ಲ. ನಾನೇ ನನ್ನನ್ನು ಕ್ಷಮಿಸಿಲ್ಲ. ಮೊದಲ ಗುರುವಾರವೇ ಏಳಬಹುದಿತ್ತು. ನಿನ್ನ ಅಪ್ಪ ಕಟ್ಟೆ ಇಳಿಯುವ ಮೊದಲು ಏಳಬಹುದಿತ್ತು. ಮುಂದಿನ ವಾರ, ಭಾನುವಾರದ ವ್ಯಾನಿನಲ್ಲಿ ನಾನೇ ಬರುತ್ತೇನೆ. ನೀನು ಬಾಗಿಲು ತೆಗೆಯಬೇಕಿಲ್ಲ. ಕುರಿಯ ತಲೆಯನ್ನು ಬೇರೆಯವನ ಎದುರಿಗೆ ಇಟ್ಟ ಆ ಮನೆ ಯಾವುದೆಂದು ಮಾತ್ರ ತೋರಿಸು. ಅಲ್ಲಿಂದ ಶುರು ಮಾಡಿ, ಒಂದೊಂದು ಮನೆಯ ಮುಂದೆಯೂ ನಿಂತು ಹೇಳುತ್ತೇನೆ.

ತಿದ್ದಿದ ಮೂರನೇ ಪುಟ ಇದರ ಜೊತೆಗಿದೆ, ಮುದ್ರೆ ಬಿದ್ದಿದೆ. ಸಮಿತಿಗೆ ನಿನ್ನೆ ಬೆಳಿಗ್ಗೆ ಹೋಯಿತು, ಸಂಜೆಗೇ ದಿನ ಗೊತ್ತಾಯಿತು. ಏಪ್ರಿಲ್ ಹದಿನಾಲ್ಕಕ್ಕೆ ತಾಷ್ತಾನ್‌ಬೆಕ್ ಬೋರುಬಾಯೆವ್ ಅಲ್ಲಿ ಉತ್ತರ ಹೇಳಬೇಕು.

ಪಂಚಾಯಿತಿಯ ಗೋಡೆಗೆ ಅಂಟಿಸುವ ಮೊದಲು ಒಮ್ಮೆ ಮನೆಯಲ್ಲಿ ಓದು. ದೊಡ್ಡದಾಗಿ ಓದು. ಅಪ್ಪನಿಗೆ ಕಿವಿ ಮಂದ.

ಜಿಬೆಕ್